ತುಂಗಾ–ಭದ್ರೆಯ ಸೀಮೆಯಲ್ಲಿ ದನ, ಕುರಿ ಮತ್ತು ಮೇವು

ಶಿವಮೊಗ್ಗ ಮತ್ತು ಭದ್ರಾವತಿ ಮಲೆನಾಡು ಬಯಲುಸೀಮೆಗೆ ತಾಗುವ ಅಂಚಿನಲ್ಲಿವೆ. ಪಶ್ಚಿಮದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ ಪೂರ್ವದ ಚನ್ನಗಿರಿ, ಅಜ್ಜಂಪುರಗಳ ಕಡೆಗೆ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಅಂತರವೇ ಇಲ್ಲಿನ ಪಶುಪಾಲನೆಯನ್ನು ರೂಪಿಸಿದೆ. ಮಲೆಯ ಮಗ್ಗುಲಲ್ಲಿ ಗಿಡ್ಡ ದನ, ಬಯಲಿನ ಮಗ್ಗುಲಲ್ಲಿ ಅಮೃತ ಮಹಲ್ ರಾಸು, ಸುಗ್ಗಿ ಮುಗಿದ ಗದ್ದೆಗಳಲ್ಲಿ ಕುರುಬರ ಕುರಿ ಹಿಂಡು. ಹಾಲು, ಮಾಂಸಗಳಿಗಿಂತ ಮೊದಲು ಜನ ಇವುಗಳಿಂದ ಬಯಸಿದ್ದು ಉಳುವ, ಎಳೆಯುವ ಬಲವನ್ನು ಮತ್ತು ಹೊಲ–ತೋಟಕ್ಕೆ ಗೊಬ್ಬರವನ್ನು. ಅಮೃತ ಮಹಲ್ ರಾಸು ಮತ್ತು ಕುರಿಗಳ ಸಾಕಣೆ ಒಂದೇ ನಿಯಮದ ಮೇಲೆ ನಿಂತಿತ್ತು: ಋತುವಿಗೆ ತಕ್ಕಂತೆ ಜಾನುವಾರು ಜಾಗ ಬದಲಿಸಬೇಕು, ಮೇಯ್ದ ನೆಲಕ್ಕೆ ಬಿಡುವು ಸಿಗಬೇಕು.

ಈ ನಿಯಮ ರಾಜ್ಯಾಡಳಿತದ ವ್ಯವಸ್ಥೆಯಾಗಿ ಬೆಳೆದದ್ದು ಅಮೃತ ಮಹಲಿನಲ್ಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದ ಕೊನೆಯಲ್ಲಿ, ಅರಮನೆಯ ಹಾಲು–ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಅದರ ಹಸುಗಳಿಗಾಗಿ ರಾಜ್ಯದ ಹಲವು ಕಡೆ ಹುಲ್ಲುಗಾವಲುಗಳನ್ನು ಕಾಯ್ದಿರಿಸಲಾಗಿತ್ತು, ಇವೇ ಕಾವಲುಗಳು. ಹೈದರ್ ಅಲಿ ಪಾಳೆಯಗಾರರ ಉತ್ತಮ ರಾಸುಗಳನ್ನೂ ಸೇರಿಸಿಕೊಂಡು ಹಿಂಡನ್ನು ಹಿಗ್ಗಿಸಿದ, ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಪಾಲನೆಗೆ ಲಿಖಿತ ನಿಯಮಗಳನ್ನು ಮಾಡಿದ. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಹಿಡಿದಾಗ ಟಿಪ್ಪು ಪೂರ್ವದ ಕರ್ನಾಟಿಕ್ ಪ್ರಾಂತದಿಂದ ಸುಮಾರು ಒಂದು ತಿಂಗಳಲ್ಲಿ ಸೇನೆಯನ್ನು ತಂದು ಊರನ್ನು ಮರಳಿ ಗೆದ್ದ. ಆ ವೇಗಕ್ಕೆ ಅಮೃತ ಮಹಲ್ ಎತ್ತುಗಳೇ ಕಾರಣವೆಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ.

ಕಾವಲುಗಳಲ್ಲಿ ಮೂರು ಬಗೆ. ಮಳೆಗಾಲದ ಕಾವಲಿನಲ್ಲಿ ಮಳೆ ಬಿದ್ದೊಡನೆ ಹುಲ್ಲು ಎದ್ದು, ಆಮೇಲೆ ಬೇಗ ಒಣಗುತ್ತಿತ್ತು. ಚಳಿಗಾಲದ ಕಾವಲಿನಲ್ಲಿ ಮಳೆ ನಿಂತ ಮೇಲೂ ಹುಲ್ಲು ಉಳಿಯುತ್ತಿತ್ತು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಬೇಸಿಗೆಯ ಕಾವಲು. ಕೆರೆಯ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಚಿಗುರುವ ಹಸಿ ಹುಲ್ಲು, ನಡು ಮಧ್ಯಾಹ್ನ ದನ ನಿಲ್ಲಲು ಮರದ ನೆರಳು ಎರಡೂ ಅಲ್ಲಿರುತ್ತಿದ್ದವು. ಅದನ್ನು ಉಳಿದ ತಿಂಗಳುಗಳಲ್ಲಿ ಯಾರೂ ಮೇಯಿಸದಂತೆ ಕಾಯುತ್ತಿದ್ದರು. ಹಿಂಡು ಹಗಲಿರುಳೂ ಬಯಲಿನಲ್ಲೇ ಇರುತ್ತಿತ್ತು. ಕರು ತಾಯಿಯ ಹಾಲನ್ನು ಹೊಟ್ಟೆತುಂಬ ಕುಡಿದು ಗಟ್ಟಿಯಾಗಲೆಂದು ಹಸುಗಳನ್ನು ಕರೆಯುತ್ತಿರಲಿಲ್ಲ. ಅರಮನೆಯ ಬೆಣ್ಣೆಗಾಗಿ ಆರಂಭವಾದ ಹಿಂಡು ಹೀಗೆ ಎತ್ತಿಗಾಗಿ ಹಾಲನ್ನೇ ಬಿಟ್ಟುಕೊಟ್ಟ ಹಿಂಡಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹಿಂಡು ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ಹೊಣೆ ಹೊತ್ತ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಮದ್ರಾಸ್ ಸರ್ಕಾರ ಅದನ್ನು ಮಾರಿಹಾಕಿತು. ಒಳ್ಳೆಯ ಎತ್ತುಗಳ ಕೊರತೆ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಂಡು, ಅದೇ ದಶಕದಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. 1880ರ ದಶಕದಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು, 1923ರಲ್ಲಿ ಸೇನೆಯಿಂದ ಕೃಷಿ ಇಲಾಖೆಗೆ ಸೇರಿತು. ಭದ್ರಾವತಿಯ ಆಗ್ನೇಯಕ್ಕಿರುವ ಅಜ್ಜಂಪುರ ತಳಿ ಸಂವರ್ಧನೆಯ ಕೇಂದ್ರವಾಯಿತು. ಇಂದಿಗೂ ತಳಿಯ ಮೂಲ ಹಿಂಡುಗಳು ಅದರ ಕಾವಲುಗಳಲ್ಲಿವೆ.

ತೀರ್ಥಹಳ್ಳಿ, ಸಾಗರ, ಹೊಸನಗರಗಳ ಕಡೆಗೆ ಚಿತ್ರವೇ ಬೇರೆ. ತಿಂಗಳುಗಟ್ಟಲೆ ಸುರಿಯುವ ಮಳೆಯನ್ನು ತಾಳಿಕೊಂಡು ಕಾಡಿನಲ್ಲಿ ಮೇಯ್ದು ಬದುಕುವುದು ಮಲೆನಾಡು ಗಿಡ್ಡ. ನೂರು ಕೆ.ಜಿ. ಆಸುಪಾಸು ತೂಗುವ ಈ ಹಸು ದಿನಕ್ಕೆ ಕೊಡುವುದು ಒಂದೆರಡು ಲೀಟರ್ ಹಾಲು. ಅದರ ಮುಖ್ಯ ಕೆಲಸ ನಡೆಯುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಬೇಸಿಗೆಯಲ್ಲಿ ಗುಡಿಸಿ ತಂದ ಒಣ ಎಲೆಯ ದರಕನ್ನೂ ಮಳೆಗಾಲದಲ್ಲಿ ಸೊಪ್ಪಿನ ಬೆಟ್ಟದಿಂದ ಕಡಿದು ತಂದ ಹಸಿ ಸೊಪ್ಪನ್ನೂ ದನದ ಕಾಲಡಿಗೆ ಹಾಸುತ್ತಿದ್ದರು. ಸಗಣಿ, ಗಂಜಲ ಬೆರೆತು ತುಳಿದು ಹದವಾದ ಆ ಹಾಸು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ತೋಟವನ್ನೂ ಗದ್ದೆಯನ್ನೂ ಸೇರುತ್ತಿತ್ತು. ಜಡಿಮಳೆಗೆ ಸಾರ ಕಳೆದುಕೊಳ್ಳುವ ಮಣ್ಣಿನಲ್ಲಿ ಅಡಿಕೆ ತಲೆಮಾರುಗಳ ಕಾಲ ಫಲ ಕೊಟ್ಟದ್ದರ ಹಿಂದೆ ಈ ಗಿಡ್ಡ ದನದ ಪಾಲು ದೊಡ್ಡದು.

ಕುರಿಗೆ ಮಲೆನಾಡಿನ ಮಳೆ ಒಗ್ಗದು. ಒದ್ದೆ ನೆಲದಲ್ಲಿ ಗೊರಸು ಕೊಳೆಯುತ್ತದೆ, ಜೌಗಿನ ಹುಲ್ಲಿನಿಂದ ಯಕೃತ್ತಿಗೆ ಹುಳು ತಗಲುತ್ತದೆ. ಹಾಗಾಗಿ ಈ ಸೀಮೆಗೆ ಕುರಿ ಬಂದದ್ದು ಬೇಸಿಗೆಯ ಅತಿಥಿಯಾಗಿ. ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆಯ ಕುರುಬರು ಹಿಂಡು ಹೊಡೆದುಕೊಂಡು ಭದ್ರಾವತಿ, ಶಿವಮೊಗ್ಗದ ಬಯಲು ಗದ್ದೆಗಳತ್ತ ಬರುತ್ತಿದ್ದರು. ಹಗಲು ಕೂಳೆ, ಬದುವಿನ ಹುಲ್ಲು, ಜಾಲಿಕಾಯಿ ಮೇಯುವ ಹಿಂಡನ್ನು ರಾತ್ರಿ ಒಬ್ಬ ರೈತನ ಗದ್ದೆಯಲ್ಲಿ ಮಂದೆ ಹಾಕಿಸುತ್ತಿದ್ದರು. ಮರುದಿನ ಮಂದೆ ಪಕ್ಕದ ಪಟ್ಟೆಗೆ ಸರಿಯುತ್ತಿತ್ತು. ಹೀಗೆ ಸರಿಯುತ್ತ ಇಡೀ ಗದ್ದೆಗೆ ಹಿಕ್ಕೆ, ಗಂಜಲ ಸಮನಾಗಿ ಬೀಳುತ್ತಿತ್ತು. ಹೊತ್ತು ಹರಡುವ ಕೂಲಿಯೂ ಉಳಿಯುತ್ತಿತ್ತು. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟಿದ್ದರೆ ಕುರಿ ಗೊಬ್ಬರದಲ್ಲಿ ಅದು ಶೇ. 3ರ ಹತ್ತಿರ ಇರುತ್ತದೆ. ರೈತ ಇದಕ್ಕೆ ಕಾಳು ಅಥವಾ ಹಣ ಕೊಡುತ್ತಿದ್ದ. ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಹಿಂಡುಗಳು ಪೂರ್ವಕ್ಕೆ ಮರಳುತ್ತಿದ್ದವು.

20ನೇ ಶತಮಾನ ಈ ಮೂರೂ ದಾರಿಗಳನ್ನು ಕಿರಿದಾಗಿಸಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕುಲುಮೆಗೆ ಸುತ್ತಲ ಕಾಡಿನ ಇದ್ದಿಲನ್ನು ಬಳಸಿತು. ಮುಂದೆ ಅದೇ ಊರಿನ ಕಾಗದ ಕಾರ್ಖಾನೆಗಾಗಿ ಅಕೇಶಿಯ, ನೀಲಗಿರಿ ನೆಡುತೋಪುಗಳು ಎದ್ದವು. ಅವುಗಳ ಕೆಳಗೆ ಹುಲ್ಲು ಬೆಳೆಯುವುದು ಕಡಿಮೆ. ಗೋಮಾಳ, ಕಾವಲುಗಳು ಸಾಗುವಳಿಗೂ ನಿವೇಶನಕ್ಕೂ ಹಂಚಿಹೋದವು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಮುಗಿದು ನಾಲೆಗೆ ನೀರು ಬಂದಾಗ ಗದ್ದೆಗಳು ಎರಡು ಬೆಳೆ ಕಂಡವು. ಕೂಳೆ ಹೆಚ್ಚಿತು, ಆದರೆ ಮಂದೆ ನಿಲ್ಲುವ ಬಿಡುವು ಕೆಲವೇ ವಾರಗಳಿಗೆ ಇಳಿಯಿತು. ಆಮೇಲೆ ಗದ್ದೆಗಳೇ ಅಡಿಕೆ ತೋಟಗಳಾದಾಗ ಕುರಿ ಬರುವ ಬದಲು ಕುರಿ ಗೊಬ್ಬರವೇ ಚಿತ್ರದುರ್ಗ, ಬಳ್ಳಾರಿಯ ಕಡೆಯಿಂದ ಲಾರಿಯಲ್ಲಿ ಬರತೊಡಗಿತು.

ಒಳ್ಳೆಯ ಬದಲಾವಣೆಗಳೂ ಆದವು. ಹಿಂಡುಗಟ್ಟಲೆ ದನ ಕೊಲ್ಲುತ್ತಿದ್ದ ದೊಡ್ಡರೋಗಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ 1920ರ ದಶಕದಲ್ಲಿ ಸ್ಥಾಪನೆಯಾದ ಸೀರಂ ಸಂಸ್ಥೆ ಮದ್ದು ತಯಾರಿಸಿತು. 2011ರಲ್ಲಿ ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯ ಡೇರಿ ಹಳ್ಳಿಯ ಹಾಲಿಗೆ ಖಚಿತ ಮಾರುಕಟ್ಟೆ ಕೊಟ್ಟಿತು. ಜೊತೆಗೆ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಬಂದವು. ಕಾಡು ಮೇಯುವ ದನದ ಜಾಗಕ್ಕೆ ಕಟ್ಟಿ ಮೇಯಿಸುವ, ಹಿಂಡಿ ಕೊಂಡು ಹಾಕುವ ಹಸು ಬಂತು. ಗಿಡ್ಡ ತಳಿಗೆ ರಾಷ್ಟ್ರೀಯ ತಳಿ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ಅದರ ಸಂಖ್ಯೆ ಕುಸಿಯುತ್ತಿದ್ದ ಕಾಲದಲ್ಲಿ.

ಸರದಿ ಮೇಯಿಸುವಿಕೆ, ಹುಲ್ಲುಗಾವಲಿಗೆ ವಿಶ್ರಾಂತಿ, ಮಣ್ಣಿಗೆ ಪ್ರಾಣಿಜನ್ಯ ಗೊಬ್ಬರ ಎಂದು ಇಂದು ಕೃಷಿ ವಿಜ್ಞಾನ ಹೇಳುವ ಸೂತ್ರಗಳು ಈ ಸೀಮೆಯಲ್ಲಿ ಕಾವಲು, ಕೊಟ್ಟಿಗೆ, ಮಂದೆಗಳ ರೂಪದಲ್ಲಿ ರೂಢಿಯಲ್ಲಿದ್ದವು. ಜಾನುವಾರಿನ ಜಾತಿ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಹೊರುವ ನೆಲವಿಲ್ಲದೆ ಈ ವ್ಯವಸ್ಥೆಗಳು ಉಳಿಯಲಾರವು. ಆದ್ದರಿಂದ ತಳಿ ಸಂರಕ್ಷಣೆಯ ಮೊದಲ ಕೆಲಸ ಉಳಿದಿರುವ ಕಾವಲು ಮತ್ತು ಗೋಮಾಳಗಳನ್ನು ಒತ್ತುವರಿಯಿಂದ ಕಾಪಾಡುವುದೇ ಆಗಿದೆ.