ನೀರಿನಲ್ಲಿ ಸಿಕ್ಕಿಬಿದ್ದ ಗಾಳಿ

ಕಾರು ರಿಪೇರಿಗೆ ಕೊಟ್ಟವರು ಗ್ಯಾರೇಜಿನಲ್ಲಿ ಈ ಮಾತು ಕೇಳಿರಬಹುದು: “ಏರ್ ಲಾಕ್ ಆಗಿದೆ, ಏರ್ ತೆಗೀಬೇಕು.” ಕೂಲಂಟ್ ಬದಲಿಸಿದಾಗ ಒಂದಿಷ್ಟು ಗಾಳಿ ಎಂಜಿನ್ನಿನ ನೀರಿನ ದಾರಿಯಲ್ಲೇ ಉಳಿದುಬಿಡುತ್ತದೆ. ಮೆಕ್ಯಾನಿಕ್ ಒಂದು ಪುಟ್ಟ ಸ್ಕ್ರೂ ಸಡಿಲಿಸುತ್ತಾರೆ. ಮೊದಲು ಬುಳುಬುಳು ಗುಳ್ಳೆಗಳು, ಆಮೇಲೆ ಕಡಿಯದ ನೀರಿನ ಎಳೆ. ಎಳೆ ಕಂಡ ಕೂಡಲೇ ಸ್ಕ್ರೂ ಬಿಗಿಯುತ್ತಾರೆ. ಮೊದಲ ಕಾರುಗಳಿಗೆ ಈ ಸ್ಕ್ರೂ ಬೇಕೇ ಇರಲಿಲ್ಲ. ಆಮೇಲೆ ಯಾಕೆ ಬೇಕಾಯಿತು ಎಂಬುದರಲ್ಲಿ ಒಂದು ಸಣ್ಣ ಚರಿತ್ರೆಯಿದೆ.

ಜರ್ಮನಿಯ ಕಾರ್ಲ್ ಬೆಂಜ್ 1886ರ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಗಾಲಿಯ ಬಂಡಿಯಲ್ಲಿ ಈಗಿನಂಥ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗುತ್ತಿತ್ತು, ಆವಿಯ ಜೊತೆ ಬಿಸಿಯೂ ಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಬೆಂಜ್ ಅವರ ಪತ್ನಿ ಬರ್ತಾ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಇಂಥದೇ ಬಂಡಿಯಲ್ಲಿ ಹೋದರು. ನೂರು ಕಿಲೋಮೀಟರಿನಷ್ಟು ದಾರಿ. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡದ್ದು ಪ್ರಸಿದ್ಧ ಕಥೆ. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೆಂದರೆ, ದಾರಿಯುದ್ದಕ್ಕೂ ಅವರು ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಗಾಳಿಗೆ, ಆವಿಗೆ ಹೊರಹೋಗಲು ದಾರಿಯಿತ್ತು; ಅದಕ್ಕೆ ತೆತ್ತ ಬೆಲೆ ನೀರು.

ನೀರು ಉಳಿಸುವುದೇ ಮುಂದಿನ ಸವಾಲು. 1900ರಲ್ಲಿ ವಿಲ್‌ಹೆಲ್ಮ್ ಮೈಬಾಖ್ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಅದರಲ್ಲಿ 8,070 ಸಣ್ಣ ಚೌಕ ಕೊಳವೆಗಳು. ಅವುಗಳೊಳಗೆ ಗಾಳಿ ಹಾಯುತ್ತಿತ್ತು, ಅವುಗಳ ಸುತ್ತ ನೀರು ಹರಿಯುತ್ತಿತ್ತು. ಹೀಗೆ ಅದೇ ನೀರು ತಣಿದು ಮತ್ತೆ ಎಂಜಿನ್ನಿಗೆ ಮರಳತೊಡಗಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಆರಂಭದ ಕೆಲವು ಸಾವಿರ ಬಿಟ್ಟರೆ, ನೀರಿನ ಪಂಪೂ ಇರಲಿಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಅಷ್ಟೇ ಅದರ ಸೂತ್ರ. ರೇಡಿಯೇಟರ್ ಎದೆಯುಬ್ಬಿಸಿ ಮುಂದೆ ನಿಂತಿತ್ತು, ಮುಚ್ಚಳ ಅದರ ನೆತ್ತಿಯ ಮೇಲಿತ್ತು. ಗಾಳಿ ಸಹಜವಾಗಿ ಸೇರುವ ಜಾಗವೂ ಅದೇ. ಯಾರೂ ಅದನ್ನು ತೆಗೆಯಬೇಕಿರಲಿಲ್ಲ.

ಎಂಜಿನ್ನಿನ ಬಲ ಹೆಚ್ಚಿದಂತೆ ವ್ಯವಸ್ಥೆ ಬಿಗಿಯಾಯಿತು. ಒತ್ತಡ ಹಿಡಿದಿಡುವ ಮುಚ್ಚಳ ಬಂತು. ಹೊರಗಿನ ವಾಯುಭಾರಕ್ಕಿಂತ ಒಂದು ಬಾರ್‌ನಷ್ಟು ಹೆಚ್ಚು ಒತ್ತಡವಿದ್ದರೆ ನೀರು 100 ಡಿಗ್ರಿಗಲ್ಲ, ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಇದು ದೊಡ್ಡ ಲಾಭ. ಅದೇ ಹೊತ್ತಿಗೆ ಗಾಳಿ ಸೀಳಿ ಓಡಲೆಂದು ಕಾರಿನ ಮೂತಿ ತಗ್ಗಿತು, ರೇಡಿಯೇಟರ್ ಕೂಡ ತಗ್ಗಿತು. ಎಷ್ಟೋ ಕಾರುಗಳಲ್ಲಿ ಸಿಲಿಂಡರ್ ಹೆಡ್ಡು, ಹೀಟರಿನ ಪೈಪುಗಳೇ ಎತ್ತರದ ಜಾಗವಾದವು. ಗಾಳಿ ಹೋಗಿ ಕೂತದ್ದು ಅಲ್ಲಿ.

ಫೋಕ್ಸ್‌ವ್ಯಾಗನ್ ವ್ಯಾನಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ದಶಕಗಳ ಕಾಲ ಆ ವ್ಯಾನಿನ ಎಂಜಿನ್ನನ್ನು ತಣಿಸಿದ್ದು ಗಾಳಿಯೇ. 1980ರ ದಶಕದ ಆರಂಭದಲ್ಲಿ ಅದಕ್ಕೆ ನೀರಿನಿಂದ ತಣಿಯುವ ಎಂಜಿನ್ ಬಂತು. ಆದರೆ ಎಂಜಿನ್ ಉಳಿದದ್ದು ಹಿಂದೆ, ರೇಡಿಯೇಟರ್ ಕೂತದ್ದು ಮುಂದೆ. ನಡುವೆ ನೆಲದಡಿ ಉದ್ದನೆಯ ಪೈಪುಗಳು. ಗಾಳಿ ತೆಗೆಯಬೇಕೆಂದರೆ ವ್ಯಾನಿನ ಮುಂಭಾಗವನ್ನು ಜಾಕಿನಲ್ಲಿ ಎತ್ತಿ, ಎಂಜಿನ್ ಓಡಿಸುತ್ತ, ರೇಡಿಯೇಟರಿನ ಸ್ಕ್ರೂ ಬಿಚ್ಚಬೇಕು. ಯಾವ ಗಾಳಿ ಆ ಎಂಜಿನ್ನನ್ನು ಕಾಪಾಡುತ್ತಿತ್ತೋ ಅದೇ ಈಗ ಒಳಗೆ ಉಳಿದರೆ ಅಪಾಯ.

ಅಪಾಯ ಸಣ್ಣದಲ್ಲ. ಪಂಪು ನೀರನ್ನು ತಳ್ಳಬಲ್ಲದು, ಗಾಳಿಯನ್ನಲ್ಲ, ಹರಿವು ನಿಲ್ಲಬಹುದು. ಗಾಳಿ ಕೂತ ಕಡೆ ಲೋಹ ಕಾಯುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಇನ್ನೂ ಮೋಸದ ಸಂಗತಿಯೆಂದರೆ, ಬಿಸಿ ಅಳೆಯುವ ಸೆನ್ಸರ್ ನೀರಿನ ಬದಲು ಗಾಳಿಯಲ್ಲಿದ್ದರೆ ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳಬಹುದು. ಎಂಜಿನ್ ಕುದಿಯುತ್ತಿದ್ದರೂ ಚಾಲಕ ನಿಶ್ಚಿಂತ. ಗಾಬರಿಬಿದ್ದು ಬಿಸಿ ಮುಚ್ಚಳ ತೆರೆದರೆ ಒತ್ತಡ ಬಿಟ್ಟುಹೋದ ನೀರು ಭುಗ್ಗನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅದಕ್ಕೇ ಬಲ್ಲವರು ಎಂಜಿನ್ ತಣ್ಣಗಿದ್ದಾಗಲೇ ಮುಚ್ಚಳ ತೆರೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ಕೂಲಂಟ್ ಸುರಿಯುತ್ತಾರೆ. ಗಡಿಬಿಡಿಯಲ್ಲಿ ಸುರಿದರೆ ಗಾಳಿಯೂ ಜೊತೆಗೆ ಒಳಹೋಗುತ್ತದೆ.

ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪೇಟೆಂಟಿನ ತಾರೀಖುಗಳಿಂದ ಓದುತ್ತೇವೆ. ಹಾಗಾಗಿ ಬೆಂಜ್, ಮೈಬಾಖ್ ನೆನಪಿನಲ್ಲಿ ಉಳಿಯುತ್ತಾರೆ. ಆದರೆ ಇಲ್ಲಿ ಪ್ರತಿ ಸುಧಾರಣೆಯೂ ಒಂದು ಹೊಸ ಚಾಕರಿಯನ್ನು ಹುಟ್ಟಿಸಿದೆ. ನೀರು ಹೊರಹೋಗದಂತೆ ಮುಚ್ಚಿದೆವು, ಗಾಳಿಯೂ ಹೊರಹೋಗದಂತಾಯಿತು. ಅದನ್ನು ಹೊರಗೆ ಬಿಡಲು ಗುಳ್ಳೆ ನಿಲ್ಲುವ ತನಕ ಕಾಯುವ ಒಂದು ಕೈ ಬೇಕಾಯಿತು. ಬರ್ತಾ ದಾರಿಯಲ್ಲಿ ಹೊತ್ತು ತಂದು ಸುರಿದ ನೀರಿಗೂ, ಗ್ಯಾರೇಜಿನ ಆ ಕೈಗೂ ಪೇಟೆಂಟ್ ಇಲ್ಲ. ಕಾರು ಓಡುತ್ತಿರುವುದು ಮಾತ್ರ ಅವುಗಳಿಂದಲೂ ಹೌದು.