ಅಜ್ಜನ ಟ್ರಕ್ಕು, ಮೊಮ್ಮಗನ ಹೈವೇ

ಓಹಾಯೋದಲ್ಲಿದ್ದಾಗ ಪಕ್ಕದ್ಮನೆಯವನ ಹತ್ರ ಅವನಜ್ಜನ 1951ರ ಷೆವ್ರೊಲೆ ಪಿಕಪ್ ಇತ್ತು. ಹೈವೇಗೆ ಹತ್ತಿಸಿದ್ರೆ ಇಂಜಿನ್ ಒಂದೇ ಸಮನೆ ಅರಚೋದು. ಗಾಡಿದೇನೂ ತಪ್ಪಿಲ್ಲ. ಮಣ್ಣುರಸ್ತೆ, ಹುಲ್ಲಿನ ಹೊರೆ ನೋಡ್ಕೊಂಡು ಹಿಂದಿನ ಆಕ್ಸಲ್‌ಗೆ 4.11 ಗೇರ್ ಕೂರಿಸಿದ್ರು. ಚಕ್ರ ಒಂದು ಸುತ್ತು ಬರೋಕೆ ಶಾಫ್ಟು ನಾಲ್ಕು ಸುತ್ತಿಗೂ ಮೀರಿ ತಿರುಗಬೇಕು. ಐಸೆನ್‌ಹೋವರ್ ಇಂಟರ್‌ಸ್ಟೇಟ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದ್ದೇ 1956ರಲ್ಲಿ.

ಅವನು 3.55 ಹಾಕಿಸಿದ. ಗಂಟೆಗೆ 60 ಮೈಲಿಯಲ್ಲಿ ಸುಮಾರು 2950 ಇದ್ದ ಆರ್‌ಪಿಎಂ 2550ಕ್ಕಿಳೀತು. ಈಗ ಪಕ್ಕದಲ್ಲಿ ಕೂತು ಮಾತಾಡಬಹುದಿತ್ತು. ಆದ್ರೆ ಲೋಡ್ ಹೇರಿ ದಿಬ್ಬ ಹತ್ತಿಸಿದ್ರೆ ಏದುಸಿರು. ಸ್ಪೀಡೋಮೀಟರ್ ಬೇರೆ ಸುಳ್ಳು ಹೇಳ್ತಿತ್ತು: 50 ತೋರಿಸಿದ್ರೆ ನಿಜಕ್ಕೂ 58. ಬ್ರೇಕ್ ಮಾತ್ರ ಅಜ್ಜನ ಕಾಲದ ಡ್ರಮ್ಮೇ! (ನಾನು ಬೆಲ್ಟ್ ಹುಡುಕಿದೆ, ಇರಲಿಲ್ಲ.)

ಹಳೇ ಗೇರುಗಳಿಗೆ ಗ್ರೀಸ್ ಸವರಿ, ಬಟ್ಟೆ ಸುತ್ತಿ ಎತ್ತಿಟ್ಟ. ಗುಜರಿಗೆ ಹಾಕಬಾರ್ದಾ ಅಂದೆ.

"ಅಜ್ಜಂದು" ಅಂದ.