ಬೇಗೂರು

ಬೇಗೂರು ಕರ್ನಾಟಕದ ಬೆಂಗಳೂರು ನಗರ ಜಿಲ್ಲೆಯ ಬೆಂಗಳೂರು ದಕ್ಷಿಣ ತಾಲೂಕಿನ ಒಂದು ಪ್ರಾಚೀನ ಗ್ರಾಮ ಹಾಗೂ ಹೋಬಳಿ ಕೇಂದ್ರ. ಇಂದು ಇದು ಬೆಂಗಳೂರು ಮಹಾನಗರದ ಭಾಗವಾಗಿದೆ. ಬೆಂಗಳೂರು ಎಂಬ ಹೆಸರಿನ ಅತ್ಯಂತ ಹಳೆಯ ಲಿಖಿತ ಉಲ್ಲೇಖವಿರುವ ಹಳಗನ್ನಡ ವೀರಗಲ್ಲು ಶಾಸನ ಇಲ್ಲಿ ದೊರೆತಿದೆ. ಇಲ್ಲಿನ ಪಂಚಲಿಂಗ ನಾಗೇಶ್ವರ ದೇವಾಲಯ ಗಂಗರ ಕಾಲದ್ದು.

ಭೌಗೋಳಿಕ ನೆಲೆ

ಬೇಗೂರು ಬಿ.ಟಿ.ಎಂ. ಬಡಾವಣೆಯ ದಕ್ಷಿಣಕ್ಕೆ, ಹೊಸೂರು ರಸ್ತೆ ಹಾಗೂ ಬನ್ನೇರುಘಟ್ಟ ರಸ್ತೆಗಳ ನಡುವಣ ಪ್ರದೇಶದಲ್ಲಿದೆ. ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಯಿಂದ ಕವಲೊಡೆಯುವ ಬೇಗೂರು ರಸ್ತೆ ಗ್ರಾಮವನ್ನು ನಗರದೊಂದಿಗೆ ಬೆಸೆಯುತ್ತದೆ. ದೊಡ್ಡ ಕೆರೆ, ಹಳೆಯ ಮಣ್ಣಿನ ಕೋಟೆಯ ಅವಶೇಷಗಳು ಮತ್ತು ದೇವಾಲಯಗಳು ಗ್ರಾಮದ ಮೂಲ ಸ್ವರೂಪವನ್ನು ಇಂದಿಗೂ ಸೂಚಿಸುತ್ತವೆ.

ಇತಿಹಾಸ

ಶಾಸನಗಳಲ್ಲಿ ಈ ಊರಿನ ಹೆಸರು ಬೆಂಪೂರು ಎಂದಿದೆ. ಗಂಗರ ಆಳ್ವಿಕೆಯಲ್ಲಿ ಇದು ಹನ್ನೆರಡು ಹಳ್ಳಿಗಳ ಆಡಳಿತ ಘಟಕವಾದ 'ಬೆಂಪೂರು ಹನ್ನೆರಡು' ಎಂಬುದರ ಮುಖ್ಯ ಸ್ಥಳವಾಗಿತ್ತು. ಗಂಗ ದೊರೆ ಎರೆಯಪ್ಪನ ಅಧೀನದಲ್ಲಿ ನಾಗತ್ತರನೆಂಬ ನಾಯಕನಿದ್ದನು. ಅಯ್ಯಪದೇವನಿಗೆ ನೆರವಾಗಲು ಎರೆಯಪ್ಪನು ಇವನನ್ನು ಸೇನೆಯೊಡನೆ ಕಳುಹಿಸಿದನು. ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನು ಮಡಿದನು. ಅನಂತರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನು. ಈ ವೃತ್ತಾಂತವನ್ನು ತಿಳಿಸುವ ದೊಡ್ಡ ವೀರಗಲ್ಲಿನಲ್ಲಿ ಆನೆ, ಕುದುರೆ ಮತ್ತು ಯೋಧರಿಂದ ಕೂಡಿದ ಯುದ್ಧದೃಶ್ಯವನ್ನು ಕೆತ್ತಲಾಗಿದೆ. ಈ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೆಂಗಳೂರು ಕಾಳಗದ ಶಾಸನ

ಸುಮಾರು ಕ್ರಿ.ಶ. 890ರ ಕಾಲದ ಮತ್ತೊಂದು ವೀರಗಲ್ಲು ದೇವಾಲಯದ ಆವರಣದಲ್ಲಿದೆ. ನಾಗತ್ತರನ ಮನೆಯ ಸೇವಕ ಪೆರ್ವೊಣ ಸೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತನೆಂದು ಇದು ದಾಖಲಿಸುತ್ತದೆ. ಇದನ್ನು ಬೆಳಕಿಗೆ ತಂದವರು ಶಾಸನತಜ್ಞ ಆರ್. ನರಸಿಂಹಾಚಾರ್. 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯಲ್ಲಿ ಇದು ಪ್ರಕಟವಾಗಿದೆ.

ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂಬ ಐತಿಹ್ಯ ಜನಪ್ರಿಯವಾಗಿದೆ. ಆದರೆ ಈ ಶಾಸನ ವೀರಬಲ್ಲಾಳನಿಗಿಂತ ಸುಮಾರು ಮೂರು ಶತಮಾನ ಹಳೆಯದು. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿ ಪೇಟೆಗಳನ್ನು ಸ್ಥಾಪಿಸಿದ್ದಕ್ಕಿಂತ ಆರು ಶತಮಾನಗಳಿಗೂ ಹಿಂದಿನದು. ಆದ್ದರಿಂದ ಹೆಸರಿನ ಮೂಲವನ್ನು ಆ ಐತಿಹ್ಯದಿಂದ ವಿವರಿಸಲಾಗದು.

ನಾಗೇಶ್ವರ ದೇವಾಲಯ

ಈ ದೇವಾಲಯ ಸಂಕೀರ್ಣದಲ್ಲಿ ಐದು ಶಿವಾಲಯಗಳಿವೆ. ಇವುಗಳಲ್ಲಿ ಎರಡನ್ನು ಗಂಗ ದೊರೆಗಳಾದ ಒಂದನೆಯ ನೀತಿಮಾರ್ಗ (843–870) ಮತ್ತು ಎರೆಯಪ್ಪ ನೀತಿಮಾರ್ಗರ (907–921) ಕಾಲದವೆಂದು ಗುರುತಿಸಲಾಗಿದೆ. ಉಳಿದವು ಅನಂತರದ ಚೋಳರ ಕಾಲದವೆಂದು ಪರಿಗಣಿತವಾಗಿವೆ. ನಾಗೇಶ್ವರ ಗುಡಿಯ ಮಂಟಪದ ಛಾವಣಿಯಲ್ಲಿ ಉಮಾಮಹೇಶ್ವರನನ್ನು ಸುತ್ತುವರಿದ ಅಷ್ಟದಿಕ್ಪಾಲಕರ ಶಿಲ್ಪವಿದೆ.

ಇಂದಿನ ಬೇಗೂರು

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಬೇಗೂರು ಅದರ ವ್ಯಾಪ್ತಿಗೆ ಸೇರಿತು. ಕೃಷಿಭೂಮಿಯ ಬಹುಭಾಗ ಬಡಾವಣೆಗಳಾಗಿ ಮಾರ್ಪಟ್ಟಿದೆ. ನಗರೀಕರಣದ ಒತ್ತಡದ ನಡುವೆ ಕೆರೆ, ಕೋಟೆ ಮತ್ತು ಶಾಸನಗಳ ಸಂರಕ್ಷಣೆ ಗ್ರಾಮದ ಮುಖ್ಯ ಸಮಸ್ಯೆಯಾಗಿದೆ.